ಗಿಳಿಗಳ ಜೀವನಕ್ರಮ ಮತ್ತು ತೆನೆ ಬೆಳೆಗಳ ಕಾವಲು

ಗಿಳಿಯನ್ನು ಕಾಣದ ರೈತನಿಲ್ಲ. ರಂಗೋಲಿಯಲ್ಲಿ, ಸೀರೆಯ ಅಂಚಿನಲ್ಲಿ, ಮಕ್ಕಳ ಪಾಠದಲ್ಲಿ ಅದಕ್ಕೆ ಪ್ರೀತಿಯ ಸ್ಥಾನವಿದೆ. ಆದರೆ ಅದೇ ಗಿಳಿಯ ಹಿಂಡು ಹಾಲುಗಾಳಿನ ಮೆಕ್ಕೆಜೋಳದ ಮೇಲೋ ಸೂರ್ಯಕಾಂತಿಯ ಮೇಲೋ ಇಳಿದಾಗ ರೈತನಿಗೆ ಅದರ ಬಣ್ಣವಾಗಲಿ ಮಾತಾಗಲಿ ನೆನಪಿಗೆ ಬರುವುದಿಲ್ಲ. ಮಳೆಯನ್ನೇ ನಂಬಿ ಒಂದೆರಡು ಎಕರೆ ಬಿತ್ತಿದವನಿಗೆ ಕೊಯ್ಲಿಗೆ ಮೂರು ವಾರ ಮುಂಚೆ ಬರುವ ಈ ಹಾನಿ, ಬಿತ್ತನೆಯ ಕಾಲದಲ್ಲಿ ಮಳೆ ಕೈಕೊಟ್ಟುದಕ್ಕಿಂತ ಹೆಚ್ಚು ನೋವು ತರುತ್ತದೆ. ಏಕೆಂದರೆ ಆ ವೇಳೆಗೆ ಬೀಜ, ಗೊಬ್ಬರ, ಕಳೆ, ಕೂಲಿ ಎಲ್ಲ ಖರ್ಚೂ ಮುಗಿದಿರುತ್ತದೆ.

ಗಿಳಿಯ ಹಾವಳಿಗೆ ಮದ್ದಿಲ್ಲವೆಂದು ಅನೇಕರು ಕೈಚೆಲ್ಲುತ್ತಾರೆ. ಇನ್ನು ಕೆಲವರು ದಿನವಿಡೀ ಹೊಲದಲ್ಲಿ ನಿಂತು ದಣಿಯುತ್ತಾರೆ. ಎರಡೂ ಅನಗತ್ಯ. ಗಿಳಿಯು ಯಾವ ತಿಂಗಳಲ್ಲಿ ಗೂಡು ಮಾಡುತ್ತದೆ, ಯಾವ ಹೊತ್ತಿನಲ್ಲಿ ಮೇಯುತ್ತದೆ, ಹೊಲದ ಯಾವ ಭಾಗಕ್ಕೆ ಮೊದಲು ಇಳಿಯುತ್ತದೆ ಎಂಬುದನ್ನು ತಿಳಿದರೆ ಕಾವಲಿನ ಶ್ರಮವನ್ನು ಬಹಳಷ್ಟು ಕಡಿಮೆ ಮಾಡಬಹುದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ರೈತರನ್ನು ಗಮನದಲ್ಲಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಗುರುತಿಸುವ ಬಗೆ

ನಮ್ಮ ಹೊಲಗಳಿಗೆ ಬರುವ ಸಾಮಾನ್ಯ ಗಿಳಿಯ ಶಾಸ್ತ್ರೀಯ ಹೆಸರು ಸಿಟ್ಟಾಕುಲ ಕ್ರಾಮೆರಿ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 40 ಸೆಂಟಿಮೀಟರ್ ಉದ್ದವಿದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬಾಲವೇ ಆಗಿರುತ್ತದೆ. ತೂಕ 100ರಿಂದ 140 ಗ್ರಾಂ. ಮೈ ಹುಲ್ಲು ಹಸಿರು, ಕೊಕ್ಕು ಕೆಂಪು. ಬಲಿತ ಗಂಡಿನ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಬಣ್ಣದ ಪಟ್ಟಿ ಇರುತ್ತದೆ. ಹೆಣ್ಣಿಗೆ ಈ ಪಟ್ಟಿ ಎದ್ದು ಕಾಣುವುದಿಲ್ಲ. ಗಂಡುಮರಿಗೂ ಸುಮಾರು ಮೂರು ವರ್ಷ ತುಂಬುವವರೆಗೆ ಪಟ್ಟಿ ಪೂರ್ಣವಾಗಿ ಮೂಡುವುದಿಲ್ಲ. ಆದ್ದರಿಂದ ಪಟ್ಟಿಯಿಲ್ಲದ ಗಿಳಿಗಳೆಲ್ಲ ಹೆಣ್ಣೆಂದು ತಿಳಿಯಬಾರದು.

ಇದರ ಜೊತೆಗೆ ಮರಗಾಡು ಹೆಚ್ಚಿರುವ ಕಡೆ ಕೆಂದಲೆ ಗಿಳಿಯೂ ಕಾಣಸಿಗುತ್ತದೆ. ಗಾತ್ರದಲ್ಲಿ ಇದು ಚಿಕ್ಕದು. ಗಂಡಿನ ತಲೆ ಕೆನ್ನೇರಳೆ, ಹೆಣ್ಣಿನ ತಲೆ ಬೂದು ಬಣ್ಣ, ಬಾಲದ ತುದಿ ಬಿಳಿ. ಇದೂ ಕಾಳು ತಿನ್ನುವ ಹಕ್ಕಿಯೇ.

ಗಿಳಿಯ ಕಾಲಿನಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇರುತ್ತವೆ. ಆದ್ದರಿಂದ ತೆನೆಯನ್ನು ಕೈಯಲ್ಲಿ ಹಿಡಿದಂತೆ ಹಿಡಿಯಬಲ್ಲದು. ಮೇಲಿನ ಕೊಕ್ಕು ತಲೆಬುರುಡೆಗೆ ಕೀಲಿನಂತೆ ಜೋಡಣೆಯಾಗಿರುವುದರಿಂದ ಗಟ್ಟಿ ಕಾಳನ್ನೂ ಸೀಳಬಲ್ಲದು. ಕೊಂಬೆ ಹತ್ತುವಾಗ ಕೊಕ್ಕು ಮೂರನೆಯ ಕಾಲಿನಂತೆ ನೆರವಾಗುತ್ತದೆ. ಗುಬ್ಬಿ, ಗೀಜಗಗಳಿಗೆ ಈ ಅನುಕೂಲವಿಲ್ಲ. ಸಿಪ್ಪೆ ಹೊದ್ದ ಮೆಕ್ಕೆಜೋಳದ ತೆನೆಗೆ ಗಿಳಿಯ ಕಾಟ ಹೆಚ್ಚಾಗಲು ಇದೇ ಕಾರಣ.

ನಾಲ್ಕು ತಾಲ್ಲೂಕುಗಳ ಪರಿಸರ

ಈ ನಾಲ್ಕೂ ತಾಲ್ಲೂಕುಗಳು ಇಂದು ದಾವಣಗೆರೆ ಜಿಲ್ಲೆಯಲ್ಲಿವೆ. 1997ರಲ್ಲಿ ಜಿಲ್ಲೆ ರಚನೆಯಾಗುವ ಮುನ್ನ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗಕ್ಕೂ, ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯು ಬಳಿಕ ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. ಜಿಲ್ಲೆ ಒಂದೇ ಆದರೂ ಗಿಳಿಯ ದೃಷ್ಟಿಯಿಂದ ಇವು ಬೇರೆ ಬೇರೆ ನೆಲೆಗಳು.

ಚನ್ನಗಿರಿಯಲ್ಲಿ ಅಡಿಕೆ ತೋಟಗಳ ಹಸಿರು, ಶಾಂತಿಸಾಗರ ಅಥವಾ ಸೂಳೆಕೆರೆಯ ನೀರು, ಗುಡ್ಡಗಳ ಕಾಡು ಒಟ್ಟಿಗಿವೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯ ಮರಗಳೂ ನಾಲೆಯಾಶ್ರಿತ ಗದ್ದೆಗಳೂ ಇವೆ. ನ್ಯಾಮತಿಯಲ್ಲಿ ಗುಡ್ಡದ ಕಾಡಿನ ಅಂಚಿಗೇ ಮೆಕ್ಕೆಜೋಳದ ಹೊಲಗಳು ಬರುತ್ತವೆ. ಇಲ್ಲೆಲ್ಲ ಹಿಂಡುಗಳಿಗೆ ತಂಗಲು ಮರ ಧಾರಾಳವಾಗಿ ದೊರೆಯುತ್ತದೆ.

ಜಗಳೂರಿನ ಸ್ಥಿತಿ ಬೇರೆ. ಇದು ಮಳೆ ಕಡಿಮೆಯ ಬಯಲುಸೀಮೆ. ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ಕೊಂಡುಕುರಿ ವನ್ಯಧಾಮವೆಂದು ಘೋಷಿತವಾಗಿದೆ. ಉಳಿದೆಡೆ ಮರಗಳು ದೂರ ದೂರ. ಇಂತಹ ಬಯಲಿನಲ್ಲಿ ಒಂದು ಆಲದ ಮರದ ಪಕ್ಕದ ಹೊಲ ಅಥವಾ ಸುತ್ತಲಿನವರಿಗಿಂತ ಮುಂಚೆ ಬಿತ್ತಿದ ಒಂಟಿ ಹೊಲ ಗಿಳಿಗಳಿಗೆ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಹಿಂಡು ಚಿಕ್ಕದಾದರೂ ಒಬ್ಬನ ಮೇಲೆಯೇ ಬೀಳುವುದರಿಂದ ನಷ್ಟ ಅವನೊಬ್ಬನಿಗೆ ದೊಡ್ಡದು.

ಗೂಡು ಮತ್ತು ಮರಿ

ದಕ್ಷಿಣ ಭಾರತದಲ್ಲಿ ಗಿಳಿಗಳು ಮುಖ್ಯವಾಗಿ ಜನವರಿಯಿಂದ ಏಪ್ರಿಲ್‌ವರೆಗೆ ಮರಿ ಮಾಡುತ್ತವೆ. ಗಿಳಿಯು ಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ಮರಕುಟಿಗ ಇಲ್ಲವೆ ಕುಟ್ರುಹಕ್ಕಿ ಕೊರೆದು ಬಿಟ್ಟ ಪೊಟರೆ, ಹಳೆಯ ಮರದ ಟೊಳ್ಳು, ಸತ್ತ ತೆಂಗಿನ ಕಾಂಡದ ರಂಧ್ರ, ಕೋಟೆ ಮತ್ತು ದೇವಾಲಯದ ಗೋಡೆಯ ಸಂದು ಅದಕ್ಕೆ ಸಾಕು. ಬೇಕಾದರೆ ಬಾಯಿಯನ್ನು ಕೊಕ್ಕಿನಿಂದ ಕೆತ್ತಿ ಅಗಲ ಮಾಡಿಕೊಳ್ಳುತ್ತದೆ.

ಹೆಣ್ಣು ಸಾಮಾನ್ಯವಾಗಿ 3ರಿಂದ 5 ಬಿಳಿ ಮೊಟ್ಟೆಗಳನ್ನಿಡುತ್ತದೆ. ಕಾವು ಕೂರುವ ಕೆಲಸ ಹೆಚ್ಚಾಗಿ ಹೆಣ್ಣಿನದು. ಆ ಅವಧಿಯಲ್ಲಿ ಗಂಡು ಆಹಾರ ತಂದು ಕಕ್ಕಿ ಉಣಿಸುತ್ತದೆ. 22ರಿಂದ 24 ದಿನಗಳಲ್ಲಿ ಮೊಟ್ಟೆಯೊಡೆದು ಕಣ್ಣು ತೆರೆಯದ, ಪುಕ್ಕವಿಲ್ಲದ ಮರಿಗಳು ಹೊರಬರುತ್ತವೆ. ಅವು ಹಾರಲು ಸುಮಾರು 7 ವಾರ ಬೇಕು. ಹಾರಿದ ಮೇಲೂ ಕೆಲವು ದಿನ ತಾಯಿತಂದೆಯರ ಹಿಂದೆ ಆಹಾರ ಬೇಡುತ್ತ ತಿರುಗುತ್ತವೆ.

ಇದರಿಂದ ರೈತರು ತಿಳಿಯಬೇಕಾದ ಅಂಶವೊಂದಿದೆ. ಬೇಸಿಗೆಯ ಆರಂಭದಲ್ಲಿ ಗಿಳಿಗಳು ಜೋಡಿ ಜೋಡಿಯಾಗಿ ಪೊಟರೆಗಳ ಸುತ್ತ ಹರಡಿಕೊಂಡಿರುತ್ತವೆ. ಮರಿಗಳು ಹಾರಿದ ಮೇಲೆ ಅವೂ ಹಿಂಡಿಗೆ ಸೇರುತ್ತವೆ. ಮುಂಗಾರಿನ ಮೆಕ್ಕೆಜೋಳ, ಸೂರ್ಯಕಾಂತಿ, ಜೋಳಗಳು ಹಾಲುಗಟ್ಟುವ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಕಾಲಕ್ಕೆ ಹಳೆಯ ಗಿಳಿಗಳ ಜೊತೆ ಆ ವರ್ಷದ ಮರಿಗಳೂ ಕೂಡಿದ ಹಿಂಡು ಹೊಲಕ್ಕೆ ಬರುತ್ತದೆ. ನಾಲೆ ಅಥವಾ ಕೊಳವೆಬಾವಿ ನೀರಿನ ಬೇಸಿಗೆ ಬೆಳೆಗೆ ಮರಿ ಸಾಕುವ ಜೋಡಿಗಳು ಪದೇ ಪದೇ ಬಂದುಹೋಗುತ್ತವೆ.

ದಿನಚರಿ

ಗಿಳಿಗಳು ರಾತ್ರಿ ಕೆಲವೇ ಗೊತ್ತಾದ ಮರಗಳಲ್ಲಿ ನೂರಾರು, ಕೆಲವೆಡೆ ಸಾವಿರಾರು ಸಂಖ್ಯೆಯಲ್ಲಿ ಒಟ್ಟಾಗಿ ತಂಗುತ್ತವೆ. ಬೆಳಕು ಹರಿಯುತ್ತಿದ್ದಂತೆ ಚಿಕ್ಕ ಗುಂಪುಗಳಾಗಿ ಕೂಗುತ್ತ ಹೊರಡುತ್ತವೆ. ಸೂರ್ಯೋದಯದ ನಂತರದ ಎರಡು ಮೂರು ಗಂಟೆ ಮೇವಿನ ಮುಖ್ಯ ಕಾಲ. ಬಿಸಿಲೇರಿದ ಮೇಲೆ ಎಲೆ ದಟ್ಟವಾದ ಮರದಲ್ಲಿ ಸದ್ದಿಲ್ಲದೆ ಕೂರುತ್ತವೆ. ಮತ್ತೆ ಸೂರ್ಯಾಸ್ತಕ್ಕೆ ಎರಡು ಮೂರು ಗಂಟೆ ಮುಂಚೆ ಹೊಲಕ್ಕಿಳಿದು, ಹೊತ್ತು ಮುಳುಗುವಾಗ ತಂಗುಮರಕ್ಕೆ ಮರಳುತ್ತವೆ.

ಹೊಲಕ್ಕೆ ನೇರವಾಗಿ ಇಳಿಯುವುದು ಕಡಿಮೆ. ಮೊದಲು ಬದುವಿನ ಮರ ಅಥವಾ ವಿದ್ಯುತ್ ತಂತಿಯ ಮೇಲೆ ಕೂತು ಸುತ್ತ ನೋಡುತ್ತವೆ. ಅಪಾಯ ಕಾಣದಿದ್ದರೆ ಹತ್ತಿರದ ಅಂಚಿನ ಸಾಲುಗಳಿಗೆ ಇಳಿಯುತ್ತವೆ. ಒಂದು ಹೊಲದಲ್ಲಿ ನಿರಾತಂಕವಾಗಿ ಹೊಟ್ಟೆ ತುಂಬಿತೆಂದರೆ ಮರುದಿನವೂ ಅಲ್ಲಿಗೇ ಬರುತ್ತವೆ. ಆದ್ದರಿಂದ ಮೊದಲ ಎರಡು ಮೂರು ದಿನಗಳ ಕಾವಲು ಮುಂದಿನ ಹತ್ತು ದಿನಗಳ ಕಾವಲಿಗಿಂತ ಬೆಲೆಯುಳ್ಳದ್ದು.

ಆಹಾರ ಮತ್ತು ಹಾನಿಯ ಸ್ವರೂಪ

ಕಾಡಿನಲ್ಲಿ ಆಲ, ಅರಳಿ, ಅತ್ತಿಯ ಹಣ್ಣು, ಬೇವಿನ ಹಣ್ಣು, ಜಾಲಿಯ ಬೀಜ, ಮುತ್ತುಗ ಮತ್ತು ಬೂರುಗದ ಹೂವಿನ ಮಕರಂದ ಗಿಳಿಯ ಆಹಾರ. ಹೊಲತೋಟಗಳಲ್ಲಿ ಮೆಕ್ಕೆಜೋಳ, ಜೋಳ, ಸಜ್ಜೆ, ಸೂರ್ಯಕಾಂತಿ, ಭತ್ತ, ತೊಗರಿಯ ಹಸಿಕಾಯಿ, ಸೀಬೆ, ದಾಳಿಂಬೆ, ಮಾವು ಇವುಗಳಿಗೆ ಬಾಯಿ ಹಾಕುತ್ತದೆ. ತಿನ್ನುವುದಕ್ಕಿಂತ ಹಾಳು ಮಾಡುವುದು ಹೆಚ್ಚು. ಒಂದು ಸೀಬೆಯನ್ನು ಅರ್ಧ ಕಚ್ಚಿ ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ.

ಹಾನಿ ಯಾರದೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಮೆಕ್ಕೆಜೋಳದ ತೆನೆಯ ತುದಿಯಿಂದ ಸಿಪ್ಪೆ ಎಳೆ ಎಳೆಯಾಗಿ ಸೀಳಿದ್ದು, ಗಿಡ ನೆಟ್ಟಗೆ ನಿಂತಿದ್ದು, ಕಾಳಿನ ಮೇಲ್ಭಾಗ ಕೊರೆದಿದ್ದರೆ ಅದು ಸಾಮಾನ್ಯವಾಗಿ ಗಿಳಿಯ ಕೆಲಸ. ಗಿಡವೇ ನೆಲಕ್ಕೆ ಬಿದ್ದಿದ್ದರೆ ಕಾಡುಹಂದಿಯನ್ನು ಸಂಶಯಿಸಬೇಕು. ಸೂರ್ಯಕಾಂತಿಯಲ್ಲಿ ಗಿಳಿ ತೆನೆಯ ಅಂಚಿನ ಮೇಲೆ ಕೂತು ಬೀಜ ಕಿತ್ತು, ಸೀಳಿ, ತಿರುಳು ತಿಂದು ಸಿಪ್ಪೆಯನ್ನು ಬುಡಕ್ಕೆ ಉದುರಿಸುತ್ತದೆ. ಜೋಳ ಮತ್ತು ಭತ್ತದಲ್ಲಿ ತೆನೆಯ ತುಂಡನ್ನೇ ಕತ್ತರಿಸಿ ಮರಕ್ಕೆ ಒಯ್ಯುವುದುಂಟು. ಮರದ ಬುಡದಲ್ಲಿ ಇಂತಹ ತುಂಡುಗಳು ಬಿದ್ದಿದ್ದರೆ ಹಿಂಡು ಅಲ್ಲೇ ವಿರಮಿಸುತ್ತಿದೆಯೆಂದು ತಿಳಿಯಬಹುದು.

ಮೆಕ್ಕೆಜೋಳದಲ್ಲಿ ರೇಷ್ಮೆ ಬಂದ ಸುಮಾರು 18ರಿಂದ 22 ದಿನಗಳಿಗೆ ಕಾಳು ಹಾಲುಗಟ್ಟುತ್ತದೆ. ಅಲ್ಲಿಂದ ಹಿಟ್ಟುಗಟ್ಟಿ ಗಟ್ಟಿಯಾಗುವವರೆಗಿನ ಸುಮಾರು ಮೂರು ವಾರ ಹೆಚ್ಚಿನ ಅಪಾಯದ ಕಾಲ. ಸೂರ್ಯಕಾಂತಿಯಲ್ಲಿ ಬೀಜಕ್ಕೆ ಹಾಲು ತುಂಬಿದಂದಿನಿಂದ ಕೊಯ್ಲಿನವರೆಗೂ ಎಚ್ಚರ ಬೇಕು.

ನಷ್ಟವನ್ನು ಅಂದಾಜು ಮಾಡುವ ವಿಧಾನ

ಹಿಂಡಿನ ಗದ್ದಲ ಕೇಳಿದಾಗ ಬೆಳೆಯೆಲ್ಲ ಹೋಯಿತೆಂದು ತೋರುವುದು ಸಹಜ. ಅಂಚಿನಲ್ಲಿ ನಿಂತು ನೋಡಿದರಂತೂ ನಷ್ಟ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಸರಿಯಾದ ಲೆಕ್ಕಕ್ಕೆ ಹೊಲದಲ್ಲಿ ಓರೆಯಾಗಿ ನಡೆದು 10 ಕಡೆ ನಿಲ್ಲಬೇಕು. ಪ್ರತಿ ಕಡೆ ಒಂದೇ ಸಾಲಿನ 10 ತೆನೆಗಳನ್ನು ನೋಡಬೇಕು. ಒಟ್ಟು 100 ತೆನೆಗಳಾಗುತ್ತವೆ. ಕಾಲು, ಅರ್ಧ, ಪೂರ್ತಿ ತಿಂದ ತೆನೆಗಳೆಷ್ಟೆಂದು ಬೇರೆ ಬೇರೆ ಬರೆದುಕೊಳ್ಳಬೇಕು.

ಉದಾಹರಣೆಗೆ, 100ರಲ್ಲಿ 80 ತೆನೆ ಸುರಕ್ಷಿತ, 12 ಕಾಲು ಭಾಗ, 5 ಅರ್ಧ, 3 ಪೂರ್ತಿ ಹಾಳಾಗಿವೆ ಎಂದುಕೊಳ್ಳೋಣ. ಆಗ ನಷ್ಟವು 3 ಮತ್ತು 2.5 ಮತ್ತು 3 ಕೂಡಿ ಶೇಕಡಾ 8.5 ಆಗುತ್ತದೆ. ಎಕರೆಗೆ 5 ಕ್ವಿಂಟಾಲ್ ಸೂರ್ಯಕಾಂತಿ ನಿರೀಕ್ಷಿಸಿದ್ದರೆ ಹೋದದ್ದು ಸುಮಾರು 42 ಕಿಲೋ. ಅದರ ಅಂದಿನ ಪೇಟೆ ಧಾರಣೆಯನ್ನು ಕಾವಲಿನ ಕೂಲಿಯೊಂದಿಗೆ ಹೋಲಿಸಿ ನಿರ್ಧಾರ ಕೈಗೊಳ್ಳಬೇಕು. ಅಂಚಿನ ಎರಡು ಸಾಲುಗಳನ್ನು ಪ್ರತ್ಯೇಕವಾಗಿ ಎಣಿಸಿದರೆ ಕಾವಲು ಎಲ್ಲಿ ಬೇಕೆಂಬುದೂ ತಿಳಿಯುತ್ತದೆ.

ರಕ್ಷಣಾ ಕ್ರಮಗಳು

ಒಟ್ಟಾಗಿ ಬಿತ್ತುವುದು: ಎಲ್ಲಕ್ಕಿಂತ ಅಗ್ಗದ ಉಪಾಯವಿದು. ಚೌಕಾಕಾರದ ಒಂದು ಎಕರೆ ಹೊಲದ ಸುತ್ತಳತೆ ಸುಮಾರು 254 ಮೀಟರ್. ಇಂತಹ ನಾಲ್ಕು ಹೊಲಗಳು ಬೇರೆ ಬೇರೆ ಕಡೆ ಇದ್ದರೆ ಒಟ್ಟು ಅಂಚು 1,000 ಮೀಟರಿಗೂ ಮೀರುತ್ತದೆ. ಅವೇ ನಾಲ್ಕು ಎಕರೆ ಒಂದೇ ಚೌಕದಲ್ಲಿ ಕೂಡಿದ್ದರೆ ಅಂಚು ಸುಮಾರು 509 ಮೀಟರ್, ಅಂದರೆ ಅರ್ಧ. ಗಿಳಿ ಅಂಚಿಗೆ ಇಳಿಯುವ ಹಕ್ಕಿಯಾದ್ದರಿಂದ ನೆರೆಹೊರೆಯ ರೈತರು ಒಂದೇ ವಾರದಲ್ಲಿ ಒಂದೇ ಬೆಳೆ ಬಿತ್ತಿದರೆ ಹಾನಿ ಹಂಚಿಹೋಗುತ್ತದೆ, ಕಾವಲನ್ನೂ ಸರದಿಯಂತೆ ಹಂಚಿಕೊಳ್ಳಬಹುದು. ಜಗಳೂರಿನಂತಹ ಕಡೆ ಒಂಟಿ ಹೊಲದಲ್ಲಿ ಸೂರ್ಯಕಾಂತಿ ಬೆಳೆಯುವ ಮುನ್ನ ಈ ಅಂಶವನ್ನು ಯೋಚಿಸಬೇಕು.

ಸ್ಥಳ ಮತ್ತು ತಳಿಯ ಆಯ್ಕೆ: ತಂಗುಮರ ಮತ್ತು ವಿದ್ಯುತ್ ತಂತಿಗೆ ಹತ್ತಿರದ ಪಟ್ಟೆಯಲ್ಲಿ ಗಿಳಿಗೆ ಬೇಡವಾದ ಬೆಳೆ ಹಾಕಿ, ಸೂರ್ಯಕಾಂತಿಯನ್ನು ದೂರಕ್ಕೆ ಸರಿಸುವುದು ಒಳ್ಳೆಯದು. ಬಲಿತಾಗ ತೆನೆ ನೆಲದತ್ತ ಬಾಗುವ ತಳಿಗಳಲ್ಲಿ ಗಿಳಿಗೆ ಕೂರಲು ಅನುಕೂಲ ಕಡಿಮೆ.

ತೆನೆ ಸುತ್ತುವುದು: ಮೆಕ್ಕೆಜೋಳ ಹಾಲುಗಟ್ಟುವ ಮುನ್ನವೇ ಅಂಚಿನ ಎರಡು ಸಾಲುಗಳ ತೆನೆಗಳಿಗೆ ಅದೇ ಗಿಡದ ಪಕ್ಕದ ಎಲೆಗಳನ್ನು ಕೀಳದೆ ಬಾಗಿಸಿ ಸುತ್ತಿ, ತುದಿಯನ್ನು ಸಿಕ್ಕಿಸಬೇಕು. ತೆನೆ ಕಾಣದಿದ್ದರೆ ಹಿಂಡು ಮುಂದೆ ಸಾಗುತ್ತದೆ. 60 ಸೆಂಟಿಮೀಟರ್ ಸಾಲಿನಲ್ಲಿ 30 ಸೆಂಟಿಮೀಟರಿಗೊಂದು ಗಿಡವಿದ್ದರೆ ಎಕರೆಗೆ ಸುಮಾರು 22,000 ಗಿಡಗಳು ಬರುತ್ತವೆ. ನಾಲ್ಕೂ ಬದಿಯ ಎರಡು ಸಾಲು ಸೇರಿ ಸುತ್ತಬೇಕಾದವು ಸುಮಾರು 1,250 ತೆನೆಗಳು ಮಾತ್ರ. ಮರವಿರುವ ಒಂದೇ ಬದಿಗೆ ಸುತ್ತಿದರೆ ಇನ್ನೂ ಕಡಿಮೆ. ಮನೆಮಂದಿ ಕೂಡಿದರೆ ಒಂದೆರಡು ದಿನದ ಕೆಲಸ. ಖರ್ಚೇನೂ ಇಲ್ಲ.

ಮಿನುಗುವ ಪಟ್ಟಿ: ಒಂದು ಬದಿ ಕೆಂಪು, ಇನ್ನೊಂದು ಬದಿ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಪಟ್ಟಿಯನ್ನು ಬೆಳೆಗಿಂತ ಒಂದು ಅಡಿ ಎತ್ತರದಲ್ಲಿ, ಉತ್ತರ ದಕ್ಷಿಣವಾಗಿ, 5 ಮೀಟರಿಗೊಂದು ಸಾಲಿನಂತೆ ಗೂಟಗಳಿಗೆ ಕಟ್ಟಬೇಕು. ನಡುನಡುವೆ ಎರಡು ಮೂರು ಸುತ್ತು ತಿರುಚಿ ಕಟ್ಟಿದರೆ ಗಾಳಿಗೆ ಮಿನುಗುವುದಲ್ಲದೆ ಗುಂಯ್ ಎಂದು ಸದ್ದನ್ನೂ ಮಾಡುತ್ತದೆ. ಎಕರೆಗೆ ಸುಮಾರು 900 ಮೀಟರ್ ಪಟ್ಟಿ ಬೇಕು. ಬಿತ್ತಿದಾಗಲೇ ಕಟ್ಟಿದರೆ ಹಕ್ಕಿಗಳಿಗೆ ರೂಢಿಯಾಗಿ ಪ್ರಯೋಜನ ತಪ್ಪುತ್ತದೆ. ಹಾಲುಗಾಳಿನ ಹಂತಕ್ಕೆ ಕಟ್ಟಿ, ಕೊಯ್ಲಾದ ಮೇಲೆ ಸುತ್ತಿಟ್ಟುಕೊಳ್ಳಬೇಕು. ತುಂಡುಗಳನ್ನು ಹೊಲದಲ್ಲಿ ಬಿಡಬಾರದು, ದನಕರುಗಳು ಮೇವಿನೊಂದಿಗೆ ತಿನ್ನುವ ಅಪಾಯವಿದೆ.

ಕಾವಲು: ಅಟ್ಟಣಿಗೆ, ತಮಟೆ, ಕವಣೆ, ಬೆದರುಗೊಂಬೆ ಇವು ನಮ್ಮ ಹಿರಿಯರಿಂದ ಬಂದ ಸಾಧನಗಳು. ಇವು ಕೆಲಸಕ್ಕೆ ಬಾರದವೆಂಬುದು ತಪ್ಪು. ಒಂದನ್ನೇ ಒಂದೇ ಜಾಗದಲ್ಲಿ ಬಳಸುವುದು ತಪ್ಪು. ಬೆದರುಗೊಂಬೆಯ ಜಾಗವನ್ನೂ ಬಟ್ಟೆಯನ್ನೂ ಮೂರು ದಿನಕ್ಕೊಮ್ಮೆ ಬದಲಿಸಬೇಕು. ಒಂದು ದಿನ ತಮಟೆ, ಮರುದಿನ ಡಬ್ಬದ ಸದ್ದು ಹೀಗೆ ಮಾರ್ಪಡಿಸುತ್ತಿರಬೇಕು. ಬೆಳಿಗ್ಗೆ ಸೂರ್ಯೋದಯದಿಂದ ಎರಡೂವರೆ ಗಂಟೆ, ಸಂಜೆ ಸೂರ್ಯಾಸ್ತಕ್ಕೆ ಮುಂಚೆ ಎರಡೂವರೆ ಗಂಟೆ ಕಾದರೆ ಬಹುಪಾಲು ರಕ್ಷಣೆ ದೊರೆಯುತ್ತದೆ. ಹಿಂಡು ಬದುವಿನ ಮರದಲ್ಲಿ ಕೂತಾಗಲೇ ಎಬ್ಬಿಸಬೇಕು. ತೆನೆಗೆ ಬಾಯಿಟ್ಟ ಮೇಲೆ ಎಬ್ಬಿಸುವುದು ಕಷ್ಟ. ಕಾವಲಿನ ನೆಪದಲ್ಲಿ ಮಕ್ಕಳ ಶಾಲೆ ತಪ್ಪಿಸಬಾರದು.

ಪಕ್ಷಿ ಕಂಬಗಳು: ಕಾಯಿಕೊರಕದ ಹತೋಟಿಗಾಗಿ ಹೊಲದಲ್ಲಿ ನೆಟ್ಟ ಕವಲುಕಡ್ಡಿಗಳನ್ನು ಕಾಳು ಹಾಲುಗಟ್ಟುವ ಹಂತಕ್ಕೆ ಕಿತ್ತುಬಿಡಬೇಕು. ಇಲ್ಲವಾದರೆ ಹುಳು ತಿನ್ನುವ ಹಕ್ಕಿಗೆಂದು ಇಟ್ಟ ಪೀಠದ ಮೇಲೆ ಗಿಳಿ ಬಂದು ಕೂರುತ್ತದೆ.

ಬಲೆ: ಸೀಬೆ, ದಾಳಿಂಬೆ ಮತ್ತು ಬೀಜೋತ್ಪಾದನೆಯ ಚಿಕ್ಕ ತಾಕುಗಳಿಗೆ ನೈಲಾನ್ ಬಲೆ ಹೊದಿಸುವುದು ಲಾಭದಾಯಕ. ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಸಡಿಲವಾದರೆ ಹಕ್ಕಿ ಹಾವುಗಳು ಸಿಕ್ಕಿಬಿದ್ದು ಸಾಯುತ್ತವೆ.

ಕೊಲ್ಲುವುದು, ಹಿಡಿಯುವುದು ಏಕೆ ಸಲ್ಲದು

ಗಿಳಿಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪಕ್ಷಿ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅದು ಎರಡನೆಯ ಅನುಸೂಚಿಯಲ್ಲಿದೆ. ಕೊಲ್ಲುವುದು, ಬಲೆ ಹಾಕಿ ಹಿಡಿಯುವುದು, ಮರಿ ತೆಗೆಯುವುದು, ಮಾರುವುದು, ಪಂಜರದಲ್ಲಿ ಸಾಕುವುದು ಎಲ್ಲವೂ ಅಪರಾಧ. ಸಂತೆಯಲ್ಲಿ ಮರಿ ಕೊಂಡವನೂ, ಗಿಣಿಶಾಸ್ತ್ರಕ್ಕೆಂದು ಪಂಜರದಲ್ಲಿಟ್ಟವನೂ ಶಿಕ್ಷೆಗೆ ಗುರಿಯಾಗಬಹುದು.

ಕಾನೂನನ್ನು ಬದಿಗಿಟ್ಟು ನೋಡಿದರೂ ಇದರಿಂದ ಬೆಳೆಗೆ ಲಾಭವಿಲ್ಲ. ಒಂದು ಹೊಲದಲ್ಲಿ ನಾಲ್ಕು ಗಿಳಿ ಕೊಂದರೆ ಸುತ್ತಲ ಹತ್ತು ಊರಿನ ಹಿಂಡು ಕಡಿಮೆಯಾಗುವುದಿಲ್ಲ. ಇದು ಎಲ್ಲಿಯೂ ಹೊಂದಿಕೊಳ್ಳುವ ಹಕ್ಕಿ. ಪಂಜರದಿಂದ ತಪ್ಪಿಸಿಕೊಂಡ ಗಿಳಿಗಳು ಲಂಡನ್, ಬ್ರಸೆಲ್ಸ್‌ನಂತಹ ಚಳಿಯ ನಗರಗಳಲ್ಲೂ ನೆಲೆನಿಂತು ಸಾವಿರಗಟ್ಟಲೆಯಾಗಿವೆ. ವಿಷವಿಟ್ಟರೆ ಗಿಳಿಗಿಂತ ಮೊದಲು ನವಿಲು, ಪಾರಿವಾಳ, ಮನೆಯ ಕೋಳಿ ಸಾಯುತ್ತವೆ.

ಗಿಳಿ ಬರುತ್ತದೆಂದು ಹಳೆಯ ಮರ ಕಡಿಯುವುದು ಇನ್ನೂ ದೊಡ್ಡ ನಷ್ಟ. ಪೊಟರೆ ಗಿಳಿಯೊಂದರ ಸ್ವತ್ತಲ್ಲ. ಇಲಿ ಹಿಡಿಯುವ ಕಣಜಗೂಬೆ, ಹುಳುಹುಪ್ಪಟೆ ತಿನ್ನುವ ಹಾಲಕ್ಕಿ, ನೀಲಕಂಠ, ಮೈನಾ ಎಲ್ಲವೂ ಅಂತಹ ಪೊಟರೆಯನ್ನೇ ನಂಬಿವೆ. ಮರ ಹೋದರೆ ವರ್ಷಕ್ಕೆ ಮೂರು ವಾರ ಬರುವ ಗಿಳಿ ಬೇರೆ ಮರ ಹುಡುಕಿಕೊಳ್ಳುತ್ತದೆ. ವರ್ಷವಿಡೀ ಗದ್ದೆಯ ಬದು ಕೊರೆಯುವ ಇಲಿಗೆ ಮಾತ್ರ ವೈರಿ ಇಲ್ಲದಂತಾಗುತ್ತದೆ. ಮೇಲಾಗಿ ಆಲ, ಅರಳಿ, ಬೇವಿನ ಹಣ್ಣು ಇರುವಷ್ಟು ದಿನ ಗಿಳಿಗಳಿಗೆ ಹೊಲದಾಚೆಯೂ ಮೇವು ಇರುತ್ತದೆ ಎಂಬುದನ್ನು ಮರೆಯಬಾರದು.

ನೆನಪಿಡಬೇಕಾದ ಅಂಶಗಳು

1. ನೆರೆಯವರೊಡನೆ ಮಾತನಾಡಿ ಒಂದೇ ವಾರದಲ್ಲಿ ಬಿತ್ತಬೇಕು.

2. ಹಾಲುಗಾಳಿನ ದಿನಾಂಕವನ್ನು ಮೊದಲೇ ಲೆಕ್ಕ ಹಾಕಿ ಗುರುತು ಮಾಡಿಕೊಳ್ಳಬೇಕು.

3. ಆ ಹಂತಕ್ಕೆ ಮುಂಚೆ ಅಂಚಿನ ಎರಡು ಸಾಲು ಸುತ್ತಿ, ಹಂತಕ್ಕೆ ಸರಿಯಾಗಿ ಪಟ್ಟಿ ಕಟ್ಟಿ, ಪಕ್ಷಿ ಕಂಬಗಳನ್ನು ತೆಗೆಯಬೇಕು.

4. ಮೊದಲ ಹಿಂಡನ್ನು ಮೊದಲ ದಿನವೇ ಎಬ್ಬಿಸಬೇಕು. ಬೆಳಿಗ್ಗೆ, ಸಂಜೆ ತಲಾ ಎರಡೂವರೆ ಗಂಟೆ ಕಾಯಬೇಕು.

5. 100 ತೆನೆ ಎಣಿಸಿ ನಷ್ಟ ತಿಳಿದು, ಅದಕ್ಕೆ ತಕ್ಕಷ್ಟೇ ಖರ್ಚು ಮಾಡಬೇಕು.

6. ಪೊಟರೆಯ ಮರಗಳನ್ನು ಉಳಿಸಬೇಕು.

ಹೆಚ್ಚಿನ ಸಲಹೆಗೆ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಅಥವಾ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಗಿಳಿಯೊಂದಿಗೆ ವರ್ಷವಿಡೀ ಹಗೆ ಸಾಧಿಸಬೇಕಾಗಿಲ್ಲ. ವರ್ಷದಲ್ಲಿ ಮೂರು ವಾರ, ದಿನಕ್ಕೆ ಐದು ಗಂಟೆ, ಹೊಲದ ಎರಡು ಸಾಲು ಇಷ್ಟನ್ನು ಕಾಯ್ದುಕೊಂಡ ರೈತನ ತೆನೆ ಅವನ ಕಣಜಕ್ಕೇ ಬರುತ್ತದೆ.